ಹಬ್ಬದ ಕ್ಲೀನಿಂಗ್: ಪೊರಕೆ ಹಿಡಿಯುವ ಮುಂಚೆ

ಪಿತೃಪಕ್ಷ ಮುಗಿಯುತ್ತಾ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು. ನವರಾತ್ರಿಗೆ ಮುಂಚೆ ಮನೆ ಕ್ಲೀನ್ ಆಗಬೇಕು. ಉತ್ತರ ಕರ್ನಾಟಕದ ಊರುಗಳಲ್ಲಿ ಘಟಸ್ಥಾಪನೆಗೆ ಮೊದಲೇ ಕೌದಿ, ಚಾದರ ಎಲ್ಲ ಹಳ್ಳಕ್ಕೆ ಹೊತ್ತುಕೊಂಡು ಹೋಗಿ ಒಗೆಯುತ್ತಾರೆ. ಮೈಸೂರು ಕಡೆ ಬೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟದಿಂದ ಪೆಟ್ಟಿಗೆ ಇಳಿಯುತ್ತದೆ, ಅದರ ಜೊತೆ ವರ್ಷದ ಧೂಳೂ ಇಳಿಯುತ್ತದೆ. ಆಯುಧಪೂಜೆಗೆ ಮಿಕ್ಸಿಯಿಂದ ಸ್ಕೂಟರ್‌ವರೆಗೆ ಎಲ್ಲಕ್ಕೂ ಮೈ ಒರೆಸುವ ಯೋಗ. ಆಮೇಲೆ ದೀಪಾವಳಿ, ನೀರು ತುಂಬುವ ಹಬ್ಬಕ್ಕೆ ಬಚ್ಚಲುಮನೆ ತೊಳೆದು ಹಂಡೆ ಬೆಳಗಬೇಕು.

ಕೆಲಸ ಶುರುವಾಗುವುದು ಬಹಳ ಹುರುಪಿನಿಂದಲೇ. ಬೆಳಿಗ್ಗೆಯೇ ಅಟ್ಟಕ್ಕೆ ಏಣಿ ಹಾಕಿ ಆಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಾಲ್ ತುಂಬಾ ಹಳೇ ಸೂಟ್‌ಕೇಸು, ಟಿವಿ ಬಂದ ರಟ್ಟಿನ ಡಬ್ಬ, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಪಾತ್ರೆ. ಕೂರಲು ಜಾಗವಿಲ್ಲ. ಇಟ್ಟುಕೊಳ್ಳೋಣವಾ, ಬಿಸಾಕೋಣವಾ ಎಂಬ ಚರ್ಚೆ ಜಗಳದ ತನಕ ಹೋಗುತ್ತದೆ. ಸಂಜೆ ಸುಸ್ತಾಗಿ, ಇಳಿಸಿದ್ದನ್ನೆಲ್ಲ ವಾಪಸ್ ಏರಿಸಿದರೆ ಅಲ್ಲಿಗೆ ಮುಗಿಯಿತು. ಅಡುಗೆಮನೆ ಜಿಡ್ಡು, ಬಾತ್‌ರೂಮಿನ ಬಿಳಿ ಕಲೆ ಇದ್ದಲ್ಲೇ ಇರುತ್ತವೆ. ಇಲ್ಲವಾದರೆ ಅವಸರಕ್ಕೆ ಆಸಿಡ್ ಸುರಿದು ನೆಲದ ಹೊಳಪೇ ಹೋಗಿರುತ್ತದೆ.

ತಯಾರಿ ಎಂದರೆ ಅಂಗಡಿಗೆ ಹೋಗಿ ಐದಾರು ಬಣ್ಣದ ಬಾಟಲಿ ತರುವುದು ಎಂದುಕೊಂಡಿರುತ್ತೇವೆ. ನನ್ನ ಮಟ್ಟಿಗೆ ತಯಾರಿ ಎಂದರೆ ಎರಡು ಪ್ರಶ್ನೆ. ಈ ಕೊಳೆ ಏನರಿಂದ ಆಗಿದ್ದು? ಅದು ಕೂತಿರುವುದು ಏನರ ಮೇಲೆ? ಇವೆರಡಕ್ಕೆ ಉತ್ತರ ಸಿಕ್ಕರೆ ಉಜ್ಜುವ ಕೆಲಸ ಅರ್ಧ ಕಡಿಮೆಯಾಗುತ್ತದೆ, ಬಾಟಲಿಗಳ ಖರ್ಚು ಮುಕ್ಕಾಲು ಪಾಲು ಉಳಿಯುತ್ತದೆ.

ಆ ಬಿಳಿ ಕಲೆ ಏನು?

ಕೊಳವೆಬಾವಿ ನೀರಿನ ಮನೆಯಲ್ಲಿ ಇರುವವರಿಗೆ ಇದರ ಪರಿಚಯ ಬೇಕಿಲ್ಲ. ನಲ್ಲಿಯ ಬುಡದಲ್ಲಿ ಬೆಳ್ಳಗೆ ಗಟ್ಟಿ ಕಟ್ಟಿರುತ್ತದೆ. ಶವರ್‌ನ ತೂತುಗಳಲ್ಲಿ ಅರ್ಧ ಮುಚ್ಚಿಹೋಗಿರುತ್ತವೆ. ಬಕೆಟ್ ಒಳಗೆ ಕೈಯಾಡಿಸಿದರೆ ಒರಟು. ಸೋಪಿನ ಪುಡಿ ಹಾಕಿ ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ. ಜಗ್ಗಬೇಕಾದರೂ ಯಾಕೆ? ಅದು ಕೊಳೆಯೇ ಅಲ್ಲ, ಕಲ್ಲು.

ಮಳೆ ನೀರು ನೆಲದೊಳಗೆ ಇಳಿಯುತ್ತಾ ಕಲ್ಲು ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಆ ನೀರನ್ನೇ ನಾವು ಗಡಸು ನೀರು ಎನ್ನುತ್ತೇವೆ. ಅದನ್ನು ಕಾಯಿಸಿದರೆ, ಅಥವಾ ಅದು ಆರಿಹೋದರೆ, ಕರಗಿದ್ದ ಕ್ಯಾಲ್ಸಿಯಂ ಮತ್ತೆ ಗಟ್ಟಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಗೀಸರ್ ಕಾಯಿಲ್ ಮೇಲೆ, ಹಂಡೆಯ ಒಳಗೆ, ನೀರು ಕಾಯಿಸುವ ಕೆಟಲ್ ತಳದಲ್ಲಿ ಕಟ್ಟುವ ಬಿಳಿ ಪದರ ಇದೇ. ಕುಡಿಯುವ ನೀರಿನ ಬಗ್ಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಈ 600ರ ನೀರು 15 ಲೀಟರಿನ ಒಂದು ಬಕೆಟ್ ಪೂರ್ತಿ ಆರಿಹೋಯಿತು ಎಂದಿಟ್ಟುಕೊಳ್ಳಿ. ತಳದಲ್ಲಿ 9 ಗ್ರಾಂ ಕಲ್ಲುಪುಡಿ ಉಳಿಯುತ್ತದೆ. ದಿನಾ ಗೋಡೆಗೆ ಸಿಡಿದು ಆರುವುದು ನಾಲ್ಕಾರು ಹನಿಯೇ ಇರಬಹುದು. ಆದರೆ ಅದು ವರ್ಷಕ್ಕೆ 365 ದಿನ ನಡೆಯುತ್ತದಲ್ವಾ?

ಗಡಸು ನೀರಿಗೆ ಸ್ನಾನದ ಸೋಪು ಸೇರಿದಾಗ ಇನ್ನೊಂದು ಅಂಟು ತಯಾರಾಗುತ್ತದೆ. ಟೈಲ್ಸ್ ಮೇಲೆ ಬೂದಿ ಬಣ್ಣದಲ್ಲಿ ಮೆತ್ತಿಕೊಂಡಿರುತ್ತದೆ, ಉಗುರಲ್ಲಿ ಕೆರೆದರೆ ಮೇಣದಂತೆ ಬರುತ್ತದೆ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಹಾಗಾಗಿರುತ್ತದೆ. ಅಂದರೆ ಸೋಪಿನಿಂದಲೇ ಆದ ಕೊಳೆ. ಅದಕ್ಕೆ ಮತ್ತಷ್ಟು ಸೋಪು ಹಾಕಿದರೆ ಹೋಗುತ್ತಾ?

ಇವೆರಡಕ್ಕೂ ಬೇಕಾದ್ದು ಹುಳಿ. ಕ್ಯಾಲ್ಸಿಯಂ ಕಾರ್ಬೊನೇಟ್ ಹುಳಿ ತಾಗಿದರೆ ಗುಳ್ಳೆ ಬಿಟ್ಟು ಕರಗುತ್ತದೆ. ಹಂಡೆಗೆ ಹುಣಸೆಹಣ್ಣು ಹಚ್ಚುವವರು ಇದನ್ನು ರಸಾಯನಶಾಸ್ತ್ರ ಓದದೆಯೇ ಮಾಡಿಕೊಂಡು ಬಂದಿದ್ದಾರೆ. ಹುಣಸೆಯಲ್ಲಿರುವ ಹುಳಿ ತಾಮ್ರದ ಕಿಲುಬನ್ನೂ ತೆಗೆಯುತ್ತದೆ, ಸುಣ್ಣದ ಪದರವನ್ನೂ ಸಡಿಲ ಮಾಡುತ್ತದೆ. ಬಾತ್‌ರೂಮಿಗೆ ವಿನೆಗರ್ ಸಾಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು. ಒಂದು ಲೀಟರ್ ಬಿಸಿನೀರಿಗೆ ಎರಡು ಮೂರು ಚಮಚ ನಿಂಬೆ ಉಪ್ಪು ಕರಗಿಸಿದರೆ ಆಯಿತು.

ಹಚ್ಚುವ ರೀತಿ ನೋಡಿ. ನಲ್ಲಿಯ ಮೇಲೆ ಈ ನೀರು ಸುರಿದರೆ ಎರಡು ನಿಮಿಷದಲ್ಲಿ ಜಾರಿ ಕೆಳಗೆ ಹೋಗುತ್ತದೆ, ಕೆಲಸ ಮಾಡಲು ಅದಕ್ಕೆ ಪುರಸೊತ್ತೇ ಇರುವುದಿಲ್ಲ. ಹಳೇ ಕಾಟನ್ ಪಂಚೆ ಹರಿದು ತುಂಡು ಮಾಡಿ, ಈ ನೀರಲ್ಲಿ ಅದ್ದಿ, ನಲ್ಲಿಯ ಕುತ್ತಿಗೆಗೆ ಸುತ್ತಿ ಬಿಡಿ. ಅರ್ಧ ಗಂಟೆ ಬೇರೆ ಕೆಲಸ ಮಾಡಿ. ಬಂದು ಬಿಚ್ಚಿದರೆ ಪದರ ಹಳೇ ಟೂತ್ ಬ್ರಶ್ಶಿಗೆ ಬರುವಷ್ಟು ಮೆತ್ತಗಾಗಿರುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ ಸುತ್ತಿ. ಶವರ್ ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಈ ನೀರು ತುಂಬಿ, ಶವರ್ ತಲೆ ಅದರೊಳಗೆ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಆಮೇಲೆ ಚೆನ್ನಾಗಿ ನೀರು ಬಿಟ್ಟು ತೊಳೆಯಿರಿ. ಅರ್ಧ ಗಂಟೆಗಿಂತ ಜಾಸ್ತಿ ಬಿಡುವುದು ಬೇಡ, ಕ್ರೋಮ್ ಲೇಪನಕ್ಕೆ ಹುಳಿ ಅಷ್ಟೇನೂ ಇಷ್ಟವಲ್ಲ.

ನೆಲವೂ ಅದೇ ಕಲ್ಲಾಗಿದ್ದರೆ

ನಲ್ಲಿ ಮೇಲಿನ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೆನಲ್ಲ. ಅಮೃತಶಿಲೆ, ಅಂದರೆ ಮಾರ್ಬಲ್ಲೂ ಅದೇ. ಶಹಾಬಾದ್ ಕಲ್ಲೂ ಮುಖ್ಯವಾಗಿ ಅದೇ. ಅದು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಆ ಭಾಗದಲ್ಲಿ ಇಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವುದೂ ಇದೇ ಸುಣ್ಣಕಲ್ಲಿನ ಕಾರಣಕ್ಕೆ. ಅಡುಗೆಮನೆ ಕಟ್ಟೆಗೆ, ಶೆಲ್ಫಿಗೆ ಹಾಕುವ ಕಪ್ಪು ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿಯೇ. ಕೋಟಾ ಕಲ್ಲು ಕೂಡ. ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳ ಮೊಸಾಯಿಕ್ ನೆಲದಲ್ಲಿ ಕಾಣುವ ಚೂರುಗಳು ಬಹುಪಾಲು ಮಾರ್ಬಲ್ ಚೂರು, ಅದನ್ನು ಹಿಡಿದಿಟ್ಟಿರುವುದು ಸಿಮೆಂಟ್. ಕೆಂಪು ಆಕ್ಸೈಡ್ ನೆಲ ಎಂದರೆ ಸಿಮೆಂಟಿಗೆ ಬಣ್ಣ ಬೆರೆಸಿ ನುಣ್ಣಗೆ ಉಜ್ಜಿದ್ದು. ಸಿಮೆಂಟಿಗೂ ಹುಳಿಗೂ ಆಗಿಬರುವುದಿಲ್ಲ.

ಹಾಗಾಗಿ ನಲ್ಲಿಯ ಕಲೆ ತೆಗೆಯುವ ಅದೇ ಹುಳಿ ಈ ನೆಲಗಳನ್ನೂ ತಿನ್ನುತ್ತದೆ. ಹುಳಿಗೆ ಯಾವುದು ಕಲೆ, ಯಾವುದು ನಿಮ್ಮ ದುಡ್ಡು ಕೊಟ್ಟ ನೆಲ ಎಂದು ಗೊತ್ತಾಗುವುದಿಲ್ಲ. ಮಾರ್ಬಲ್ ಮೇಲೆ ನಿಂಬೆರಸ ಬಿದ್ದರೆ ಉಳಿಯುವ ಮಂಕು ಗುರುತು ಕೊಳೆಯಲ್ಲ, ಅಷ್ಟು ಜಾಗದ ಪಾಲಿಶ್ ಕರಗಿಹೋಗಿದೆ ಎಂದರ್ಥ. ಅದನ್ನು ಒರೆಸಿ ತೆಗೆಯಲು ಬರುವುದಿಲ್ಲ, ಮತ್ತೆ ಪಾಲಿಶ್ ಹೊಡೆಸಬೇಕು.

ಟಾಯ್ಲೆಟ್ ಕ್ಲೀನರುಗಳ ಮಾತಂತೂ ಬೇಡ. ಅವುಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಸಿಡ್. ಕಮೋಡಿನ ಪಿಂಗಾಣಿಗೆ ಅದು ಏನೂ ಮಾಡುವುದಿಲ್ಲ, ಅದಕ್ಕೇ ಅಲ್ಲಿ ಬಳಸುವುದು. ಆದರೆ ‘ಇಷ್ಟು ಚೆನ್ನಾಗಿ ಹೋಯ್ತಲ್ಲ’ ಎಂದು ಅದನ್ನೇ ನೆಲಕ್ಕೂ, ನಲ್ಲಿಗೂ, ಸಿಂಕಿಗೂ ಹಚ್ಚುವವರು ಬಹಳ. ನಲ್ಲಿಯ ಕ್ರೋಮ್ ಲೇಪನ ಕಿತ್ತುಬರುತ್ತದೆ, ಸ್ಟೀಲ್ ಸಿಂಕಿನಲ್ಲಿ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ವಿಟ್ರಿಫೈಡ್ ಟೈಲ್ಸ್ ಆಸಿಡ್ ತಡೆದುಕೊಳ್ಳುತ್ತದೆ, ನಿಜ. ಎರಡು ಟೈಲ್ಸ್ ನಡುವಿನ ಸಂದಿಗೆ ತುಂಬಿರುವುದು ಸಾಮಾನ್ಯವಾಗಿ ಸಿಮೆಂಟ್ ಗ್ರೌಟ್. ಅದು ಸವೆದರೆ ನೀರು ಒಳಗೆ ಇಳಿಯಲು ದಾರಿ ಸಿಕ್ಕಿತು. ಕೆಳಗಿನ ಮನೆಯವರು ಬಂದು ಬೆಲ್ ಮಾಡುವಾಗ ಹಬ್ಬದ ಕ್ಲೀನಿಂಗ್ ಯಾರಿಗೂ ನೆನಪಿರುವುದಿಲ್ಲ.

ನಿಮ್ಮ ನೆಲ ಯಾವುದೆಂದು ಗೊತ್ತಿಲ್ಲವೇ? ಬಾಗಿಲ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಅರ್ಧ ನಿಮಿಷ ನೋಡಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಮಂಕಾದರೆ, ಆ ಮನೆಯ ನೆಲಕ್ಕೆ ವಿನೆಗರ್ ಕೂಡ ನಿಷಿದ್ಧ. ಬಿಸಿನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಅಷ್ಟೇ. ಗ್ರಾನೈಟ್ ಬೇರೆ ಜಾತಿಯ ಕಲ್ಲು, ಅದಕ್ಕೆ ಇಷ್ಟು ಹೆದರಬೇಕಿಲ್ಲ.

ಕ್ಲೀನಿಂಗ್ ಕಂಪನಿಯವರನ್ನು ಕರೆಸುವವರಾದರೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ನೆಲಕ್ಕೆ ಏನು ಹಾಕ್ತೀರಿ? ‘ಕೆಮಿಕಲ್ ಸಾರ್’ ಎಂಬ ಉತ್ತರಕ್ಕೆ ಒಪ್ಪಬೇಡಿ. ಡಬ್ಬ ತೋರಿಸಲಿ. ರೇಟು ಎರಡು ಬೆಡ್‌ರೂಮಿಗೆ ಇಷ್ಟು, ಮೂರಕ್ಕೆ ಇಷ್ಟು ಎಂದು ಹೇಳುತ್ತಾರೆಯೇ ಹೊರತು ನೆಲ ಯಾವುದು ಎಂದು ಕೇಳುವವರು ಕಡಿಮೆ.

ಜಿಡ್ಡಿನ ಕಥೆ ಬೇರೆ

ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದಾಗೆಲ್ಲ ಎಣ್ಣೆಯ ಸಣ್ಣ ಸಣ್ಣ ಕಣ ಹಬೆಯ ಜೊತೆ ಮೇಲೇಳುತ್ತದೆ. ಎಕ್ಸಾಸ್ಟ್ ಫ್ಯಾನ್, ಚಿಮಣಿ, ಒಲೆಯ ಹಿಂದಿನ ಟೈಲ್ಸ್, ಮೇಲಿನ ಡಬ್ಬಗಳ ಮುಚ್ಚಳ, ಎಲ್ಲದರ ಮೇಲೂ ತೆಳ್ಳಗೆ ಕೂರುತ್ತದೆ. ಅದೇ ದಿನ ಒರೆಸಿದರೆ ಸೋಪಿನ ಬಟ್ಟೆಗೇ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬಿಸಿಗೂ ಗಾಳಿಗೂ ಆ ಎಣ್ಣೆಯ ಸ್ವಭಾವವೇ ಬದಲಾಗುತ್ತದೆ. ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ವಾರ್ನಿಶ್ ಥರ ಕಂದು ಅಂಟಾಗುತ್ತದೆ. ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಮುಟ್ಟಿದರೆ ಬೆರಳು ಅಂಟುತ್ತಲ್ಲ, ಅದು.

ಇದಕ್ಕೆ ವಿನೆಗರ್ ಹಾಕಿದರೆ ಪ್ರಯೋಜನವಿಲ್ಲ. ಜಿಡ್ಡಿಗೆ ಹುಳಿಯ ವಿರುದ್ಧ ದಿಕ್ಕಿನದು ಬೇಕು, ಅಂದರೆ ಕ್ಷಾರ. ವಾಷಿಂಗ್ ಸೋಡಾ, ಜೊತೆಗೆ ಬಿಸಿನೀರು. ಕ್ಷಾರ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಒಡೆದು ಸೋಪಿನ ಹಾಗೆ ಮಾಡುತ್ತದೆ, ಆಮೇಲೆ ಅದು ನೀರಿನ ಜೊತೆ ಹೋಗುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್. ಚಿಮಣಿಯ ಸ್ಟೀಲ್ ಫಿಲ್ಟರನ್ನು ಇದರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕೈಯ ಚರ್ಮದಲ್ಲೂ ಎಣ್ಣೆ ಇದೆ, ಸೋಡಾ ಅದನ್ನೂ ಬಿಡುವುದಿಲ್ಲ.

ಇಲ್ಲೂ ಕೆಳಗೆ ಏನಿದೆ ಎಂದು ನೋಡಬೇಕು. ಹಳೇ ಥರದ ಜಾಲರಿ ಫಿಲ್ಟರುಗಳು ಅಲ್ಯೂಮಿನಿಯಂ. ವಾಷಿಂಗ್ ಸೋಡಾ ಅಲ್ಯೂಮಿನಿಯಂಗೆ ಆಗದು, ಕಪ್ಪಾಗಿ ಸವೆಯುತ್ತದೆ. ಅದಕ್ಕೆ ಬಿಸಿನೀರು ಮತ್ತು ಡಿಶ್‌ವಾಶ್ ಲಿಕ್ವಿಡ್ ಮಾತ್ರ. ಬಣ್ಣ ಹೊಡೆದ ಮರದ ಕಪಾಟಿಗೂ ಸೋಡಾ ನೀರು ಬೇಡ.

ವಾಷಿಂಗ್ ಸೋಡಾ ಮತ್ತು ಅಡುಗೆ ಸೋಡಾ ಒಂದೇ ಅಲ್ಲ. ಮೊದಲನೆಯದು ಸೋಡಿಯಂ ಕಾರ್ಬೊನೇಟ್, ಖಾರ ಜಾಸ್ತಿ. ಎರಡನೆಯದು ಸೋಡಿಯಂ ಬೈಕಾರ್ಬೊನೇಟ್, ಬಹಳ ಸಾಧು. ಹಳೇ ಜಿಡ್ಡಿಗೆ ಅದು ಸಾಲದು. ಆದರೆ ಸಣ್ಣ ಪುಡಿಯಾದ್ದರಿಂದ ಗೀರು ಬೀಳದ ಹಾಗೆ ಉಜ್ಜಲು ಚೆನ್ನ. ಇನ್ನು ವಾಟ್ಸ್ಯಾಪ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಬರುವ ಒಂದು ವಿಡಿಯೋ ಇದೆ. ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದರೆ ಬುಸ್ ಎಂದು ನೊರೆ, ಎಲ್ಲ ಕೊಳೆ ಮಾಯ. ನೊರೆ ನೋಡಲು ಚಂದ. ಒಳಗೆ ಆಗುವುದೇನೆಂದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು, ಗಾಳಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು, ಉಪ್ಪು ನೀರಿನಂಥದ್ದು ಉಳಿಯುತ್ತದೆ. ಎರಡೂ ಸುಮ್ನೆ ದಂಡ. ಬೇರೆ ಬೇರೆಯಾಗಿ ಬಳಸಿದ್ದರೆ ಎರಡೂ ಕೆಲಸಕ್ಕೆ ಬರುತ್ತಿದ್ದವು.

ಕೂಡಿಸಲೇಬಾರದ್ದು

ವಿನೆಗರ್ ಮತ್ತು ಸೋಡಾ ಬೆರೆಸಿದರೆ ದಂಡವಾದೀತು ಅಷ್ಟೇ. ಬ್ಲೀಚ್ ಜೊತೆ ಆಸಿಡ್ ಬೆರೆಸಿದರೆ ಜೀವಕ್ಕೇ ಅಪಾಯ. ಬ್ಲೀಚಿಂಗ್ ಪೌಡರ್ ಅಥವಾ ಸೋಡಿಯಂ ಹೈಪೋಕ್ಲೋರೈಟ್ ಎಂದು ಬರೆದ ಯಾವ ಲಿಕ್ವಿಡ್ಡಿಗೂ ಟಾಯ್ಲೆಟ್ ಕ್ಲೀನರಿನ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು. ಕಿಟಕಿ ಸಣ್ಣಗಿರುವ ನಮ್ಮ ಬಾತ್‌ರೂಮುಗಳಲ್ಲಿ ಸ್ವಲ್ಪ ಎದ್ದರೂ ಸಾಕು, ಕಣ್ಣು ಉರಿ, ಕೆಮ್ಮು, ಉಸಿರು ಕಟ್ಟುತ್ತದೆ. ಬೇಕೆಂದು ಯಾರೂ ಬೆರೆಸುವುದಿಲ್ಲ. ಬೆಳಿಗ್ಗೆ ಒಬ್ಬರು ಕಮೋಡಿಗೆ ಆಸಿಡ್ ಹಾಕಿ ನೆನೆಯಲು ಬಿಟ್ಟಿರುತ್ತಾರೆ, ಅದು ಗೊತ್ತಿಲ್ಲದೆ ಇನ್ನೊಬ್ಬರು ‘ಕ್ರಿಮಿ ಸಾಯಲಿ’ ಎಂದು ಬ್ಲೀಚ್ ಸುರಿಯುತ್ತಾರೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣಕ್ಕೂ ಬ್ಲೀಚ್ ಸೇರಿಸಬಾರದು, ಅದರಿಂದ ಬೇರೆ ವಿಷದ ಹೊಗೆ ಬರುತ್ತದೆ. ಘಾಟು ಹೊಡೆದರೆ ಇನ್ನೇನಾದರೂ ಸುರಿದು ಸರಿಮಾಡಲು ಹೋಗಬೇಡಿ. ಹೊರಗೆ ಬನ್ನಿ, ಮನೆಯವರನ್ನೂ ಹೊರಗೆ ಕರೆಯಿರಿ, ಕಿಟಕಿ ಬಾಗಿಲು ತೆಗೆದಿಡಿ. ಕೆಮ್ಮು ನಿಲ್ಲದಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಹಾಗಾಗಿ ನನ್ನದೊಂದು ಹಟ: ಒಂದು ದಿನಕ್ಕೆ ಒಂದು ಬಾತ್‌ರೂಮಿಗೆ ಒಂದೇ ಬಾಟಲಿ. ಆಸಿಡ್ ದಿನ ಆಸಿಡ್, ಬ್ಲೀಚ್ ದಿನ ಬ್ಲೀಚ್.

ಬ್ಲೀಚ್ ಕೊಳೆ ತೆಗೆಯುವುದೂ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದರ ಕೆಲಸ ಕ್ರಿಮಿ ಕೊಲ್ಲುವುದು, ಬಣ್ಣ ತೆಗೆಯುವುದು. ಕೊಳೆಯ ಮೇಲೆ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯೊಂದಿಗೆ ಸೆಣಸಿ ಮುಗಿದುಹೋಗುತ್ತದೆ. ಮೊದಲು ತೊಳೆಯಬೇಕು, ಆಮೇಲೆ ಬ್ಲೀಚ್. ಫಿನಾಯಿಲ್‌ಗೂ ಇದೇ ಮಾತು. ವಾಸನೆ ಬಂದರೆ ಕ್ಲೀನ್ ಆಯಿತು ಎಂಬ ನಂಬಿಕೆ ನಮ್ಮದು. ಕಳೆದ ವರ್ಷ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಪೊಟ್ಟಣ ಇದ್ದರೆ ಅದರ ಮೇಲೆ ಭರವಸೆ ಬೇಡ. ಹೊಸದರಲ್ಲಿ ಶೇ 30ರ ಮೇಲೆ ಇರುವ ಕ್ಲೋರಿನ್ ತೇವದ ಗಾಳಿಗೆ ಮೆಲ್ಲಗೆ ಹಾರಿಹೋಗುತ್ತದೆ, ಉಳಿಯುವುದು ಬಹುಪಾಲು ಸುಣ್ಣದ ಪುಡಿ.

ಬೂಷ್ಟು, ಧೂಳು

ಮಲೆನಾಡು, ಕರಾವಳಿಯವರಿಗೆ ಮಳೆಗಾಲ ಮುಗಿದ ಮೇಲಿನ ದೊಡ್ಡ ತಲೆನೋವು ಬೂಷ್ಟು. ಗೋಡೆಯ ಮೂಲೆ, ಕಪಾಟಿನ ಹಿಂಬದಿ, ಚರ್ಮದ ಚಪ್ಪಲಿ, ಬೆಲ್ಟು, ಮರದ ಮಂಚದ ಅಡಿ. ಇದು ಜೀವ ಇರುವ ಕೊಳೆ. ಒಣ ಬಟ್ಟೆಯಿಂದ ಕೊಡವಿದರೆ ಅದರ ಬೀಜಕಣ ಮನೆ ತುಂಬಾ ಹರಡುತ್ತದೆ, ಅಸ್ತಮಾ ಇರುವವರಿಗೆ ಅಂದೇ ಗೊತ್ತಾಗುತ್ತದೆ. ಮೊದಲು ಸೋಪು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಒರೆಸಿ, ಕಡೆಗೆ ಪೂರ್ತಿ ಒಣಗಿಸಿ. ಹಳೇ ಮನೆಗಳಲ್ಲಿ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುತ್ತಿದ್ದುದು ಬರೀ ಚಂದಕ್ಕಲ್ಲ. ಸುಣ್ಣದ ನೀರು ಬಹಳ ಖಾರದ ಕ್ಷಾರ, ಬೂಷ್ಟು ಅದರಲ್ಲಿ ಬೆಳೆಯುವುದಿಲ್ಲ. ಒಂದೇ ಜಾಗದಲ್ಲಿ ಪ್ರತಿ ವರ್ಷ ಬೂಷ್ಟು ಬರುತ್ತಿದ್ದರೆ ಒರೆಸುವ ಬಟ್ಟೆ ಕೆಳಗಿಟ್ಟು ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ. ಪ್ಲಂಬರನ್ನು ಹಬ್ಬದ ವಾರದಲ್ಲಿ ಕರೆದರೆ ಬರುವುದಿಲ್ಲ, ಹದಿನೈದು ದಿನ ಮುಂಚೆಯೇ ಹೇಳಿಡಿ.

ಧೂಳಿಗೆ ರಸಾಯನಶಾಸ್ತ್ರ ಏನೂ ಬೇಡ, ಕ್ರಮ ಬೇಕು. ಮೇಲಿಂದ ಕೆಳಗೆ, ಒಣಗಿದ್ದು ಮೊದಲು, ಒದ್ದೆ ಆಮೇಲೆ. ಬಲೆ ಹೊಡೆಯುವುದು, ಫ್ಯಾನು, ಕಿಟಕಿ, ಕಪಾಟು, ಕಡೆಗೆ ನೆಲ. ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ. ಫ್ಯಾನಿಗೆ ಒಂದು ಉಪಾಯ: ಹಳೇ ದಿಂಬಿನ ಕವರನ್ನು ಸ್ವಲ್ಪ ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ರೆಕ್ಕೆಗೆ ತೊಡಿಸಿ, ಎರಡೂ ಕೈಯಿಂದ ಮೇಲೆ ಕೆಳಗೆ ಒತ್ತಿ ಹಿಡಿದು ಹೊರಗೆ ಎಳೆಯಿರಿ. ವರ್ಷದ ಧೂಳು ಕವರಿನ ಒಳಗೇ ಬೀಳುತ್ತದೆ, ಹಾಸಿಗೆ ಮೇಲೆ ಉದುರುವುದಿಲ್ಲ.

ಫ್ಯಾನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡುತ್ತೇವಲ್ಲ, ಮನೆಯಲ್ಲಿ ಯುಪಿಎಸ್ ಇದ್ದರೆ ಅದು ಸಾಲದು. ಮೇನ್ ಹೋದ ಕೂಡಲೇ ಯುಪಿಎಸ್ ಅದೇ ಫ್ಯಾನಿಗೆ ಕರೆಂಟ್ ಕೊಡಲು ಶುರುಮಾಡುತ್ತದೆ, ಅದು ಇರುವುದೇ ಅದಕ್ಕೆ. ಯುಪಿಎಸ್‌ ಅನ್ನೂ ಆರಿಸಿ. ಏಣಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತನ್ನಿ. ಪ್ಲಾಸ್ಟಿಕ್ ಕುರ್ಚಿ ಮೇಲೆ ಸ್ಟೂಲ್ ಇಡುವ ಸಾಹಸ ಬೇಡ. ಮನೆಕೆಲಸಕ್ಕೆ ಬರುವವರನ್ನು ಕಿಟಕಿ ಹೊರಗಿನ ಸಜ್ಜಾ ಮೇಲೆ ಹತ್ತಿಸುವುದಂತೂ ಬೇಡವೇ ಬೇಡ. ನೀವು ಹತ್ತದ ಜಾಗಕ್ಕೆ ಅವರೂ ಹತ್ತಬೇಕಿಲ್ಲ. ಹಬ್ಬದ ಕ್ಲೀನಿಂಗ್ ಅವರ ದಿನದ ಕೆಲಸದ ಲೆಕ್ಕಕ್ಕೆ ಸೇರಿದ್ದೂ ಅಲ್ಲ. ಎಷ್ಟು ದುಡ್ಡು, ಯಾವ ದಿನ ಎಂದು ಮೊದಲೇ ಮಾತಾಡಿಕೊಳ್ಳಿ.

ಹಳೇ ಮನೆಯ ಬಾಗಿಲು ಕಿಟಕಿಗಳ ಬಣ್ಣ ಎದ್ದುಬರುತ್ತಿದ್ದರೆ ಉಜ್ಜು ಕಾಗದ ಹಿಡಿದು ಒಣದಾಗಿ ಕೆರೆಯಬೇಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಾಡುವುದು ಒಳ್ಳೆಯದಲ್ಲ. ಒದ್ದೆ ಮಾಡಿ ಕೆರೆದು, ಪುಡಿಯನ್ನು ಒದ್ದೆ ಬಟ್ಟೆಯಲ್ಲೇ ತೆಗೆಯಿರಿ.

ಪುಸ್ತಕದ ಕಪಾಟಿಗೆ ಒದ್ದೆ ಬಟ್ಟೆ ತೋರಿಸಲೇಬೇಡಿ, ಪೇಂಟ್ ಹಚ್ಚುವ ಮೆತ್ತನೆ ಬ್ರಶ್ ಸಾಕು.

ದಿನ ಗೊತ್ತುಮಾಡುವುದು

ಅಟ್ಟವನ್ನು ಹಬ್ಬದ ಕ್ಲೀನಿಂಗ್ ಪಟ್ಟಿಯಿಂದಲೇ ತೆಗೆದುಹಾಕಿ. ಅದೊಂದು ಬೇರೆಯೇ ಕೆಲಸ. ಎರಡು ವಾರ ಮುಂಚಿನ ಒಂದು ಭಾನುವಾರ ಅದಕ್ಕೇ ಇಡಿ, ಮನೆಯವರೆಲ್ಲ ಇರುವಾಗ. ಅಂದು ಒರೆಸುವುದು ತೊಳೆಯುವುದು ಏನೂ ಬೇಡ, ಬರೀ ಬೇಕು ಬೇಡ ತೀರ್ಮಾನ. ತೀರ್ಮಾನ ಮಾಡುವುದಕ್ಕೆ ಉಜ್ಜುವುದಕ್ಕಿಂತ ಜಾಸ್ತಿ ಶಕ್ತಿ ಬೇಕು, ಎರಡನ್ನೂ ಒಂದೇ ದಿನ ಮಾಡಲು ಹೋದರೆ ಎರಡೂ ಹಾಳು. ಅತ್ತೆಯವರ ಹಿತ್ತಾಳೆ ಕೊಳಗ ಹಳೇ ಸಾಮಾನಿನವನಿಗೆ ಹೋಗಬೇಕೋ ಬೇಡವೋ ಎಂಬುದನ್ನು ಅವರು ಊರಲ್ಲಿಲ್ಲದಾಗ ತೀರ್ಮಾನಿಸುವ ಧೈರ್ಯ ಮಾಡಬೇಡಿ.

ಬೇಡದ್ದನ್ನು ಎಲ್ಲಿಗೆ ಕಳಿಸುವುದು ಎಂದೂ ಆಗಲೇ ಯೋಚಿಸಿ. ಬೆಂಗಳೂರಿನಲ್ಲಿ 2015ರ ಕೊನೆಯಲ್ಲಿ ಹೈಕೋರ್ಟ್ ಆದೇಶ ಬಂದ ಮೇಲೆ ಎರಡು ಡಬ್ಬ, ಒಂದು ಚೀಲದ ಪದ್ಧತಿ ಶುರುವಾಯಿತು. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಪ್ಯಾಡಿನಂಥದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಹಬ್ಬದ ಕಸ ಈ ಮೂರರಲ್ಲಿ ಸುಲಭಕ್ಕೆ ಸೇರುವುದಿಲ್ಲ. ಕೆಟ್ಟ ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬಿನೊಳಗೆ ಪಾದರಸ ಇರುತ್ತದೆ. ಒಡೆಯದ ಹಾಗೆ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು. ಹಳೇ ಬ್ಯಾಟರಿ, ಚಾರ್ಜರು, ಅವಧಿ ಮೀರಿದ ಮಾತ್ರೆ, ಉಳಿದ ಪೇಂಟು ಕೂಡ ಹಾಗೇ. ಹಾಸಿಗೆ, ಸೋಫಾದಂಥ ದೊಡ್ಡ ಸಾಮಾನನ್ನು ಕಸದ ಆಟೋದವರು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಅವರನ್ನೇ ಒಂದು ಮಾತು ಕೇಳಿಡಿ. ಇಲ್ಲದಿದ್ದರೆ ಅಟ್ಟದಿಂದ ಇಳಿದದ್ದು ಬಾಲ್ಕನಿಯಲ್ಲಿ ವರ್ಷ ಕಳೆಯುತ್ತದೆ.

ನೀರಿನ ದಿನವನ್ನೂ ನೋಡಿಕೊಳ್ಳಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ, ನೀರು ಬರುವ ದಿನವೇ ಬಾತ್‌ರೂಮು, ಬಟ್ಟೆ ಇಟ್ಟುಕೊಳ್ಳಿ. ಒಣ ಕೆಲಸವೆಲ್ಲ ಮಿಕ್ಕ ದಿನಕ್ಕೆ. ಟ್ಯಾಂಕ್ ತೊಳೆಸುವುದಿದ್ದರೆ ಮೊದಲು ಕೆಳಗಿನ ಸಂಪು, ಆಮೇಲೆ ಮೇಲಿನ ಟ್ಯಾಂಕು. ತಿರುಗಾಮುರುಗಾ ಮಾಡಿದರೆ ಸಂಪಿನ ಕೆಸರು ತೊಳೆದ ಟ್ಯಾಂಕಿಗೇ ಏರುತ್ತದೆ.

ಹಾಸಿಗೆ, ಕೌದಿ, ರಜಾಯಿಗೆ ಬಿಸಿಲು ಬೇಕು. ಬೆಂಗಳೂರಿನವರಿಗೆ ಇಲ್ಲೊಂದು ತೊಡಕು. ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಇಲ್ಲಿ ಮಳೆ ಜೋರು, ಅದೂ ಸಂಜೆ ಹೊತ್ತು. ಬೆಳಿಗ್ಗೆ ಬೇಗ ಟೆರೇಸಿಗೆ ಹಾಕಿ ಮಧ್ಯಾಹ್ನ ಮೂರರೊಳಗೆ ಒಳಗೆ ತನ್ನಿ. ಹಾಸಿಗೆಯಲ್ಲಿರುವ ಧೂಳಿನ ನುಸಿಗೆ ತೇವ ಬೇಕು, ಬಿಸಿಲು ಆ ತೇವವನ್ನು ತೆಗೆಯುತ್ತದೆ. ಚಾದರ, ದಿಂಬಿನ ಕವರನ್ನು ಬಟ್ಟೆ ತಡೆಯುವುದಾದರೆ 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ನುಸಿ ಸಾಯುತ್ತದೆ. ಒಗೆದ ರೇಷ್ಮೆ, ಉಣ್ಣೆ ಬಟ್ಟೆ ಎತ್ತಿಡುವಾಗ ನ್ಯಾಫ್ತಲೀನ್ ಗುಳಿಗೆ ಹಾಕುವ ರೂಢಿ ಇದ್ದರೆ ಕೂಸಿನ ಬಟ್ಟೆಗೆ ಮಾತ್ರ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದರ ಆವಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ.

ಬಾಟಲಿ ಪಟ್ಟಿಗೆ ಈಗ ಬರೋಣ, ಅದು ಸಣ್ಣದು. ವಾಷಿಂಗ್ ಸೋಡಾ, ನಿಂಬೆ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್, ಕಮೋಡಿಗೆ ಒಂದು ಕ್ಲೀನರ್, ಬೇಕಿದ್ದರೆ ಬ್ಲೀಚ್. ರಬ್ಬರ್ ಗ್ಲೌಸ್, ಮಾಸ್ಕ್, ಎರಡು ಬಕೆಟ್. ಎರಡು ಯಾಕೆಂದರೆ ಒಂದು ಸೋಪು ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಒಂದೇ ಬಕೆಟ್ಟಾದರೆ ಮೂರನೇ ಸಲ ಅದ್ದುವಷ್ಟರಲ್ಲಿ ಕೊಳೆ ನೀರನ್ನೇ ಮನೆಗೆಲ್ಲ ಸಾರಿಸುತ್ತಿರುತ್ತೇವೆ. ಹಳೇ ಬನಿಯನ್, ಕಾಟನ್ ಸೀರೆ ತುಂಡು ಮಾಡಿ ರಾಶಿ ಹಾಕಿಕೊಳ್ಳಿ. ಪಾಲಿಯೆಸ್ಟರ್ ಬಟ್ಟೆ ನೀರು ಹೀರುವುದಿಲ್ಲ, ಸುಮ್ನೆ ತಳ್ಳಿಕೊಂಡು ಹೋಗುತ್ತದೆ.

ಜಿರಲೆಗೆ ಜೆಲ್ ಔಷಧ ಹಾಕಿಸುವವರು ಅದನ್ನು ಕ್ಲೀನಿಂಗ್‌ಗೆ ಮೊದಲು ಮಾಡಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಸೋಡಾ ನೀರು ಹಾಕಿ ಅದನ್ನೆಲ್ಲ ತೊಳೆದುಬಿಡುತ್ತಾರೆ. ಮೊದಲು ಅಡುಗೆಮನೆ ಪೂರ್ತಿ ಕ್ಲೀನ್ ಆಗಲಿ. ಜಿಡ್ಡು, ಚೂರುಪಾರು ಇಲ್ಲವಾದರೆ ಜಿರಲೆಗೆ ತಿನ್ನಲು ಉಳಿಯುವುದು ಜೆಲ್ ಒಂದೇ. ಕಪಾಟಿನ ಕೀಲು, ಸಿಂಕಿನ ಕೆಳಗಿನ ಪೈಪಿನ ಸಂದು, ಫ್ರಿಜ್ ಹಿಂಬದಿ, ಇಲ್ಲೆಲ್ಲ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆ ಇಟ್ಟರೆ ಸಾಕು. ತಿಂದ ಜಿರಲೆ ಗೂಡಿಗೆ ಹೋಗಿ ಸಾಯುತ್ತದೆ, ಅದನ್ನು ತಿಂದ ಬೇರೆ ಜಿರಲೆಗಳೂ ಸಾಯುತ್ತವೆ. ಈ ಸರಪಳಿ ನಡೆಯಲು ಒಂದೆರಡು ವಾರ ಬೇಕು. ಅಷ್ಟರಲ್ಲಿ ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ವಾಸನೆಗೆ ಅವು ಆ ಕಡೆ ಸುಳಿಯುವುದೇ ಇಲ್ಲ. ಮೊದಲ ಕೆಲವು ದಿನ ಹಗಲಲ್ಲೂ ಒಂದೆರಡು ತೂರಾಡಿಕೊಂಡು ಹೊರಗೆ ಬರಬಹುದು. ಚಪ್ಪಲಿ ಎತ್ತಿಕೊಳ್ಳಿ, ಸ್ಪ್ರೇ ಮಾತ್ರ ಬೇಡ.